ದೇವರ ಹೂವಿನ ಶಿರಸ್ತೇದಾರರು

ಬೆಳಗಿನ ಐದೂವರೆಗೆ ನಮ್ಮ ಕಾಂಪೌಂಡಿನಾಚೆ ಮೊದಲು ಕೋಲಿನ ಕೊಕ್ಕೆ ಕಾಣುತ್ತದೆ, ಆಮೇಲೆ ಮಂಕಿ ಕ್ಯಾಪು, ಕೊನೆಗೆ ಶಿರಸ್ತೇದಾರರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಊರಿಗೆ ಅವರು ಶಿರಸ್ತೇದಾರರೇ. ಕೊಕ್ಕೆ ನಮ್ಮ ದಾಸವಾಳದ ಕೊಂಬೆಯನ್ನು ರಸ್ತೆಗೆ ಬಗ್ಗಿಸುತ್ತದೆ, ಹೂವು ಪ್ಲಾಸ್ಟಿಕ್ ಕವರಿಗೆ ಇಳಿಯುತ್ತದೆ.

ಒಂದು ದಿನ ನನ್ನ ಹೆಂಡತಿ ಕಿಟಕಿಯಲ್ಲೇ ನಿಂತು, "ಹೂವು ಕದೀತಿದಾರೆ ನೋಡ್ರೀ" ಎಂದಳು. ಅವರ ಕಿವಿ ಇನ್ನೂ ಚುರುಕು.

"ಕದಿಯೋದಲ್ಲ ತಾಯಿ, ಬಿಡಿಸ್ತಿರೋದು. ದೇವರಿಗೆ."

ಅವಳು ಹೊರಗೆ ಹೋದಳು. ಜಗಳಕ್ಕೆ ಹೋದಳೆಂದು ನಾನೂ ಹಿಂದೆಯೇ ಹೋದೆ. ನೋಡಿದರೆ ಅವರಿಗೆ ಎಟುಕದ ನಂದಿಬಟ್ಟಲನ್ನು ತಾನೇ ಕಿತ್ತು ಕವರಿಗೆ ಹಾಕುತ್ತಿದ್ದಾಳೆ! ಕ್ರಿಯಾಪದ ಒಂದು ಬದಲಾಯಿತು, ಕಳ್ಳರು ಭಕ್ತರಾದರು, ನಾವು ಜಿಪುಣರಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಮೂವತ್ತೈದು ವರ್ಷ ಟಿಪ್ಪಣಿ ಬರೆದ ಕೈ ಅದು. ಅವರ ಕನ್ನಡದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ 'ಆಗಿರುತ್ತದೆ', ಇಲ್ಲವೇ 'ಮಾಡಲಾಗಿರುತ್ತದೆ'. ಕಚೇರಿಯಲ್ಲಿ ಕಡತ ಮಾಯವಾದರೆ ಅದು ಕಳವಲ್ಲ, ಲೋಪ. ಶಾಲೆಯಲ್ಲಿ ಕಲಿತ ಲೋಪಸಂಧಿ, ಆಗಮಸಂಧಿಗಳ ಅರ್ಥ ನನಗೆ ಸರಿಯಾಗಿ ಆದದ್ದು ಇವರ ಪರಿಚಯವಾದ ಮೇಲೆಯೇ: ಇಬ್ಬರು ಸಂಧಿಸಿದಾಗ ಒಂದು ಕಡತ ಲೋಪ, ಒಂದು ಲಕೋಟೆ ಆಗಮ. ಆ ಲಕೋಟೆಗೂ ಅವರು ಲಂಚ ಎನ್ನುವುದಿಲ್ಲ. ಅದು 'ಮಾಮೂಲು'. ಎಂದಿನಂತೆ ನಡೆಯುವುದನ್ನು ತಪ್ಪು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಲಂಚ ಎಂಬ ಪದ ಅವರ ಬಾಯಲ್ಲಿ ಬರುವುದು ಮಗನ ಸೈಟಿನ ಖಾತೆಗೆ ಬೇರೆಯವರು ದುಡ್ಡು ಕೇಳಿದಾಗ ಮಾತ್ರ.

ಕಂದಾಯದ ಮಾತು ತೆಗೆದರೆ ಅವರ ಮುಖ ಅರಳುತ್ತದೆ. "ಸರ್ಕಾರಿ ಗೋಮಾಳ ಉಳ್ತಾನೆ ಅಂತಿಟ್ಕೊಳ್ಳಿ. ಒತ್ತುವರಿದಾರ ಅಂತ ಬರೆದ್ರೆ ನೋಟಿಸು. ಬಗರ್ ಹುಕುಂ ಸಾಗುವಳಿದಾರ ಅಂತ ಬರೆದ್ರೆ ಅರ್ಜಿ! ಹುಕುಂ ಇಲ್ದೇ ಅಂತ ತಾನೇ ಅರ್ಥ? ಆದ್ರೂ ಎಷ್ಟು ಗೌರವ ನೋಡಿ. ನಮೂನೆ 50 ಬಂತು, 53 ಬಂತು. 2018ರಲ್ಲಿ 57 ಬರೋ ಹೊತ್ತಿಗೆ ನಾನು ರಿಟೈರಾಗ್ಬಿಟ್ಟಿದ್ದೆ" ಎಂದು ನಿಟ್ಟುಸಿರಿಡುತ್ತಾರೆ. ಎರಡೆಕರೆಯ ಬಡವನಿಗೆ ಆ ಪದ ಬೇಕೇ ಬೇಕಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಡವನಿಗೆಂದು ಹೊಲಿದ ಪದದೊಳಗೆ ದೊಡ್ಡ ಕುಳಗಳೂ ಹೇಗೋ ತೂರಿಕೊಳ್ಳುತ್ತವೆ. ಪಟ್ಟಣದವರಿಗೋ ಅಕ್ರಮ-ಸಕ್ರಮವಿದೆ: 'ಅ' ಅಳಿಸಿ 'ಸ' ಬರೆದರೆ ಮೂರನೇ ಮಹಡಿಯೂ ನಿಂತೀತು.

ಮಗನ ಮದುವೆಯಲ್ಲಿ ಅವರು ವರದಕ್ಷಿಣೆ ಮುಟ್ಟಲಿಲ್ಲ. 1961ರ ಕಾಯ್ದೆ ಅವರಿಗೆ ಬಾಯಿಪಾಠ. ಕೇಳದೆ ಕೊಟ್ಟ ಉಡುಗೊರೆಗೆ ಅಡ್ಡಿಯಿಲ್ಲ, ಪಟ್ಟಿ ಮಾಡಿಟ್ಟರಾಯಿತು ಎನ್ನುತ್ತಾರೆ. "ನಾವೇನೂ ಕೇಳ್ಲಿಲ್ಲ. ಹುಡುಗನಿಗೆ ಓಡಾಡೋಕೆ ಸ್ವಲ್ಪ ತೊಂದರೆ ಅಂದ್ವಿ, ಅಷ್ಟೇ." ಮುಂದಿನ ವಾರ ಕಾರು ಬಂತು. ಅದರ ಹೆಸರು ವರೋಪಚಾರ. ವರದಕ್ಷಿಣೆ ಎಂಬುದೂ ಹುಟ್ಟಿನಲ್ಲಿ ಎಂಥ ಮಡಿಯ ಪದ! ಪುರೋಹಿತರಿಗೆ ಕೊಡುವ ದಕ್ಷಿಣೆಯ ಒಡಹುಟ್ಟು. ಉಟ್ಟ ಮಡಿ ಕೊಳೆಯಾದ ಮೇಲೆ ಬೇರೆ ಮಡಿ ಉಡಲೇಬೇಕಲ್ಲ. ಇನ್ನು ಎರಡನೇ ಮಗಳು ತಾನೇ ಹುಡುಗನನ್ನು ಆರಿಸಿಕೊಂಡಾಗ ಆದದ್ದು 'ಸರಳ ರಿಜಿಸ್ಟರ್ ಮದುವೆ'. ಎದುರುಮನೆಯ ಹುಡುಗಿ ಅದನ್ನೇ ಮಾಡಿದಾಗ 'ಓಡಿಹೋದಳು'. ಇಬ್ಬರೂ ಹೋದದ್ದು ಒಂದೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಆಟೋದಲ್ಲಿ.

ಇಷ್ಟಾಗಿಯೂ ಕಾನೂನು ಒಮ್ಮೆ ಅವರಿಗೆ ಕೈಕೊಟ್ಟಿತು. ಹಾಲಿಗೆ ನೀರು ಬೆರೆಸುವವನಿಂದ ಹಿಡಿದು ಬೀಗರವರೆಗೆ, ಆಗದವರನ್ನೆಲ್ಲ 'ಫೋರ್ ಟ್ವೆಂಟಿ' ಎಂದೇ ಅವರು ಬೈಯುತ್ತಿದ್ದುದು. 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದು ವಂಚನೆ 318ನೇ ಕಲಮಾಯಿತು. "ಅವನೊಬ್ಬ ತ್ರೀ ಎಯ್ಟೀನ್ ಅಂದ್ರೆ ಯಾರಿಗ್ರೀ ನಾಟತ್ತೆ? ಬಸ್ ನಂಬರ್ ಇದ್ದ ಹಾಗಿದೆ" ಎಂದು ಕೊರಗಿದರು. ಅದೇ ವಾರ ಅವರ ಮನೆಯ ಸೀಬೆಮರಕ್ಕೆ ಶಾಲೆಯ ಹುಡುಗರು ಹತ್ತಿದ್ದರು. "ಲೂಟಿ ಕಣ್ರೀ, ಹಾಡಹಗಲೇ ದರೋಡೆ!" ಕಾಯಿ ನಾಲ್ಕು.

ಹೋದ ತಿಂಗಳು ನನಗೇ ನೋಟಿಸು ಬಂತು. ಗೇಟಿನ ಮುಂದೆ ನಾನು ಕಟ್ಟಿಸಿದ ಮೆಟ್ಟಿಲು ಮೋರಿಯ ಮೇಲೆ ಎರಡಡಿ ಚಾಚಿಕೊಂಡಿದೆಯಂತೆ. ಕಾಗದ ಹಿಡಿದು ಎಲ್ಲಿಗೆ ಹೋದೆನೆಂದು ಹೇಳಬೇಕಾಗಿಲ್ಲ. ಅವರು ಕನ್ನಡಕ ಏರಿಸಿ, ಹತ್ತು ನಿಮಿಷದಲ್ಲಿ ಉತ್ತರ ಬರೆದುಕೊಟ್ಟರು. ಅದರಲ್ಲಿ ಮೆಟ್ಟಿಲು ಎಂಬ ಪದವೇ ಇರಲಿಲ್ಲ. 'ಸಾರ್ವಜನಿಕರ ಹಾಗೂ ವಯೋವೃದ್ಧರ ಸುರಕ್ಷತಾ ದೃಷ್ಟಿಯಿಂದ ತೆರೆದ ಚರಂಡಿಗೆ ಸ್ವಂತ ವೆಚ್ಚದಲ್ಲಿ ಹೊದಿಕೆ ಕಲ್ಪಿಸಲಾಗಿರುತ್ತದೆ' ಎಂದಿತ್ತು. ಓದುತ್ತಾ ಓದುತ್ತಾ ನನಗೇ ನನ್ನ ಮೇಲೆ ಗೌರವ ಮೂಡಿತು.

"ಏನು ಕೊಡ್ಲಿ, ಸಾರ್?"

"ಛೆ ಛೆ! ದುಡ್ಡಿನ ಮಾತೆಲ್ಲ ಬೇಡ," ಎಂದರು. ಬಾಗಿಲವರೆಗೂ ಬಂದು ದನಿ ತಗ್ಗಿಸಿದರು. "ಆ ದಾಸವಾಳ ಈಚೆಗೆ ಬಹಳ ಮೇಲಕ್ಕೆ ಹೋಗಿದೆ. ಕೊಕ್ಕೆಗೆ ಸಿಗ್ತಿಲ್ಲ."

ಆ ಸಂಜೆ ಗೋಣಿದಾರ ಹಾಕಿ ಕೊಂಬೆಯನ್ನು ರಸ್ತೆಯ ಕಡೆಗೆ ಬಗ್ಗಿಸಿ ಕಟ್ಟುತ್ತಿದ್ದೆ. ಹೆಂಡತಿ ಬಂದು, "ಏನ್ರೀ ಮಾಡ್ತಿದೀರಿ?" ಎಂದಳು.

"ಗಿಡಕ್ಕೆ ಆ ಕಡೆ ಬಿಸಿಲು ಚೆನ್ನಾಗಿ ಬೀಳತ್ತೆ," ಎಂದೆ.