ಚರ್ಮದ ಆರೈಕೆ: ಪರಿಷ್ಕೃತ ಆವೃತ್ತಿ

ಚರ್ಮದ ಆರೈಕೆಗೆ ಕನ್ನಡ ನಾಡಿನ ಮನೆಗಳಲ್ಲಿ ಬಹುಕಾಲ ಎರಡೇ ವಿಧಿಗಳಿದ್ದವು: ದಿನಾ ಸೋಪು, ಹಬ್ಬಕ್ಕೆ ಎಣ್ಣೆಸ್ನಾನ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಗಿ, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಎದ್ದ ಮೇಲೆ, ಮೈಸೂರ್ ಸ್ಯಾಂಡಲ್ ಸೋಪು ಎಷ್ಟೋ ಮನೆಗಳಲ್ಲಿ ನೆಂಟರು ಬಂದಾಗ ಬೀರುವಿನಿಂದ ಹೊರಬರುವ ವಸ್ತುವಾಯಿತು. ಕಡಲೆಹಿಟ್ಟು, ಸೀಗೆಪುಡಿ, ಅರಿಶಿನಗಳೂ ತಮ್ಮ ಕೆಲಸ ಬಿಡಲಿಲ್ಲ. ಅಜ್ಜಿ ಹಚ್ಚಿದ್ದನ್ನೇ ಮೊಮ್ಮಗಳೂ ಹಚ್ಚುತ್ತಿದ್ದ ಆ ಕಾಲದಲ್ಲಿ ಬದಲಾವಣೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಫೇಸ್‌ವಾಶ್, ಟೋನರ್, ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಲಾಗಿ ನಿಂತು ಹಲ್ಲುಜ್ಜುವ ಬ್ರಷ್ಷಿಗೇ ಜಾಗವಿಲ್ಲ. ಇವುಗಳಲ್ಲಿ ಯಾವುದನ್ನು ಯಾವಾಗ ಬದಲಿಸಬೇಕೆಂಬುದು ಹೀಗೆ ಸಂಸಾರದ ಪ್ರಶ್ನೆಯಾಗಿದೆ.

ಬದಲಾವಣೆ ನಡೆಯುವ ಸಂದರ್ಭಗಳು ಬೇರೆ, ನಡೆಯಬೇಕಾದ ಸಂದರ್ಭಗಳು ಬೇರೆ. ನಡೆಯುವವುಗಳಲ್ಲಿ ಅಗ್ರಸ್ಥಾನ ಲಗ್ನಪತ್ರಿಕೆಯದು. ಪತ್ರಿಕೆ ಕೈಗೆ ಬಂದ ಸಂಜೆಯೇ ಹೊಸ ಸೀರಮ್ಮಿಗೆ ಆರ್ಡರ್ ಹೋಗುತ್ತದೆ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಪ್ರಾಯದವರಲ್ಲಿ ಸುಮಾರು 28 ದಿನ ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ಪತ್ರಿಕೆ ಬರುವುದಾದರೋ ಮುಹೂರ್ತಕ್ಕೆ ಹದಿನೈದು ದಿನ ಇರುವಾಗ. ಸೀರಮ್ಮಿನ ಗುಣ ಕಾಣಿಸಿಕೊಳ್ಳುವಷ್ಟರಲ್ಲಿ ಬೀಗರ ಔತಣವೂ ಮುಗಿದು ಆಲ್ಬಮ್ ಮುದ್ರಣಕ್ಕೆ ಹೋಗಿರುತ್ತದೆ. ಅವಗುಣಕ್ಕೆ ಇಷ್ಟು ತಾಳ್ಮೆಯಿಲ್ಲ. ಅದು ಎರಡೇ ದಿನದಲ್ಲಿ, ಸಾಮಾನ್ಯವಾಗಿ ಆರತಕ್ಷತೆಯ ಬೆಳಿಗ್ಗೆಯೇ, ಗಲ್ಲದ ಮೇಲೆ ಕೆಂಪಗೆ ಹಾಜರಾಗುತ್ತದೆ. ಮದುವೆಗೆಂದು ಹೊಸದೇನಾದರೂ ಹಚ್ಚುವುದಿದ್ದರೆ ನಿಶ್ಚಿತಾರ್ಥದ ಹೊತ್ತಿಗೇ ಶುರುಮಾಡಿರಬೇಕು. ಕೊನೆಯ ವಾರದಲ್ಲಿ ಹೊಸದನ್ನು ಯಾವುದನ್ನೂ ಮುಟ್ಟದಿರುವುದೇ ಒಳ್ಳೆಯ ಸೌಂದರ್ಯ ಸಾಧನ.

ನಡೆಯಬೇಕಾದ ಬದಲಾವಣೆಗೆ ಮೊದಲ ಕಾರಣ ಹವೆ. ಬೆಂಗಳೂರಿನ ಡಿಸೆಂಬರ್, ಜನವರಿಯ ಒಣಚಳಿಯಲ್ಲಿ ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿದರೆ ಬಿಳಿಗೆರೆ ಮೂಡುತ್ತದೆ. ಹುಡುಗರು ಅಲ್ಲಿ ತಮ್ಮ ಹೆಸರು ಬರೆದುಕೊಳ್ಳುವುದುಂಟು. ಹೆಸರು ದೂರದಿಂದ ಓದಲು ಬರುವಷ್ಟು ಸ್ಪಷ್ಟವಾಗಿದ್ದರೆ ತೆಳು ಲೋಷನ್ ಬಿಟ್ಟು ಗಟ್ಟಿ ಕ್ರೀಮಿಗೆ ಹೋಗುವ ಕಾಲ ಬಂದಿದೆ ಎಂದು ತಿಳಿಯಬೇಕು. ಅದನ್ನು ಮಿಂದು ಬಂದ ಎರಡು ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿಯಿರುವಾಗಲೇ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಅದೇ ಗಟ್ಟಿ ಕ್ರೀಮನ್ನು ಮೇ ತಿಂಗಳ ಮಂಗಳೂರಿಗೆ ಒಯ್ದರೆ ಅದು ಬೆವರಿನೊಂದಿಗೆ ಕರಗಿ ಅಂಗಿಯ ಕಾಲರಿನ ಆರೈಕೆ ಮಾಡುತ್ತದೆ. ಊರು ಬಿಟ್ಟು ಬಂದವರು ನೀರನ್ನೂ ಗಮನಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆಯಾಗುವ ಬದಲು ಜಿಗುಟಾಗಿ ಚರ್ಮಕ್ಕೂ ಬಕೆಟ್ಟಿಗೂ ಅಂಟುತ್ತದೆ. ಮೊದಲೇ ಸಾಧಾರಣ ಸೋಪಿನ ಪಿಎಚ್ 9ರಿಂದ 10, ಚರ್ಮದ್ದು 5ರ ಆಸುಪಾಸು; ಇಬ್ಬರಿಗೂ ಅಷ್ಟಕ್ಕಷ್ಟೆ. ಇಂಥ ಕಡೆ ಮುಖಕ್ಕಾದರೂ ಸೌಮ್ಯವಾದ ಕ್ಲೆನ್ಸರ್ ಲೇಸು. ಆದರೆ ಹೊಸಬರು ಸಾಮಾನ್ಯವಾಗಿ ಮನೆಯ ಓನರನ್ನು ದೂರುತ್ತಾರೆ, ಕೆಲವೊಮ್ಮೆ ನ್ಯಾಯವಾಗಿಯೇ.

ವಯಸ್ಸು ಎರಡನೆಯ ಕಾರಣ. ಇದನ್ನು ಒಪ್ಪಿಕೊಳ್ಳುವವರು ಕಡಿಮೆ. ಮೊಡವೆಯ ಪ್ರಾಯದ ಮಗಳಿಗೆಂದು ತಂದ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶನ್ನು, ದುಡ್ಡು ಕೊಟ್ಟು ತಂದದ್ದು ದಂಡವಾಗಬಾರದೆಂದು ತಾಯಿಯೂ ಬಳಸುತ್ತಾಳೆ. ಮಗಳ ಚರ್ಮದಲ್ಲಿ ಜಿಡ್ಡು ಉಕ್ಕುತ್ತಿರುತ್ತದೆ, ತಾಯಿಯದ್ದರಲ್ಲಿ ಇಂಗುತ್ತಿರುತ್ತದೆ. ಒಂದೇ ಟ್ಯೂಬು ಒಬ್ಬಳ ಮೊಡವೆ ಒಣಗಿಸಿ ಇನ್ನೊಬ್ಬಳ ಕೆನ್ನೆಯನ್ನೇ ಒಣಗಿಸುತ್ತದೆ. ಬಸಿರಿನಲ್ಲಂತೂ ಬದಲಾವಣೆ ಐಚ್ಛಿಕವಲ್ಲ: ರೆಟಿನಾಲ್ ಮತ್ತು ಅದರ ಬಳಗವನ್ನು ನಿಲ್ಲಿಸಿ, ಉಳಿದದ್ದನ್ನು ವೈದ್ಯರಿಗೆ ತೋರಿಸಬೇಕು.

ಮೂರನೆಯದು ವಸ್ತುವಿನ ವಯಸ್ಸು. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಪುಟ್ಟ ಚಿತ್ರದೊಳಗೆ '12 ಎಂ' ಎಂದಿದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಎಂದರ್ಥ. ಅಮೆರಿಕದಿಂದ ಮಗ ತಂದ ಕ್ರೀಮಿಗೆ ಈ ನಿಯಮ ಅನ್ವಯಿಸುವುದಿಲ್ಲವೆಂಬ ನಂಬಿಕೆ ಬಲವಾಗಿದೆ. ಅದನ್ನು ಒಮ್ಮೆ ತೆರೆದು, ಮೂಸಿ, ಅಕ್ಕಪಕ್ಕದವರಿಗೂ ಮೂಸಿಸಿ, ಒಳ್ಳೆಯ ದಿನಕ್ಕೆಂದು ರೇಷ್ಮೆ ಸೀರೆಯ ಪಕ್ಕದಲ್ಲಿ ಇಡಲಾಗುತ್ತದೆ. ಒಳ್ಳೆಯ ದಿನ ಬರುವ ಹೊತ್ತಿಗೆ ಎಣ್ಣೆ ಮೇಲೆ, ನೀರು ಕೆಳಗೆ. ವಿಟಮಿನ್ ಸಿ ಸೀರಮ್ಮು ಗಾಳಿ ಬೆಳಕು ತಾಗಿ ಕಂದುಬಣ್ಣಕ್ಕೆ ತಿರುಗಿದ್ದರೆ ಅದರ ಸತ್ವ ಹೋಯಿತೆಂದೇ ಲೆಕ್ಕ.

ಬದಲಿಸುವ ಕ್ರಮ ಸರಳ. ಸರಳವಾದ್ದರಿಂದಲೇ ಯಾರೂ ಪಾಲಿಸುವುದಿಲ್ಲ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಐದನ್ನೂ ಒಟ್ಟಿಗೆ ಬದಲಿಸಿದವರ ಮುಖದಲ್ಲಿ ದದ್ದು ಎದ್ದರೆ ಅಪರಾಧಿ ಯಾರೆಂದು ಸಿಐಡಿಯೂ ಹೇಳಲಾರದು. ಹೊಸದನ್ನು ಮೊದಲು ಕಿವಿಯ ಹಿಂದೆಯೋ ಮುಂಗೈಯ ಒಳಮಗ್ಗುಲಲ್ಲೋ ಹಚ್ಚಿ ಎರಡು ದಿನ ನೋಡಬೇಕು. ತುರಿಕೆ, ಉರಿ ಇಲ್ಲದಿದ್ದರೆ ಮುಖಕ್ಕೆ ಬಡ್ತಿ. ರೆಟಿನಾಲ್ ಆದರೆ ರಾತ್ರಿ ಮಾತ್ರ, ಅದೂ ಮೊದಲಿಗೆ ವಾರಕ್ಕೆರಡು ಸಲ. ಆಮೇಲೆ ಕನಿಷ್ಠ ಒಂದೂವರೆ ತಿಂಗಳು ಕಾಯದೆ ತೀರ್ಪು ಕೊಡಬಾರದು. ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಕನ್ನಡಿ ನೋಡುವುದರಿಂದ ಕನ್ನಡಿ ಸವೆಯುತ್ತದೆ, ಅಷ್ಟೆ.

ಯಾವ ಋತುವಿನಲ್ಲೂ ಬಿಡಬಾರದ್ದು ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಇರುವಂಥದ್ದು ಬಿಸಿಲಿನ ಯುವಿಬಿ ಕಿರಣಗಳಲ್ಲಿ ನೂರಕ್ಕೆ ಸುಮಾರು 97 ಪಾಲು ತಡೆದರೆ, 50 ಇರುವಂಥದ್ದು 98 ಪಾಲು ತಡೆಯುತ್ತದೆ. ಒಂದು ಪಾಲಿನ ಈ ವ್ಯತ್ಯಾಸಕ್ಕಾಗಿ ಅಂಗಡಿಯಲ್ಲಿ ಅರ್ಧಗಂಟೆ ಚರ್ಚಿಸಿದವರು ಮನೆಗೆ ಬಂದು ಅದನ್ನು ಕುಂಕುಮದಷ್ಟು ಹಚ್ಚುತ್ತಾರೆ. ಮುಖ, ಕುತ್ತಿಗೆಗೆ ಬೇಕಾದದ್ದು ಎರಡು ಬೆರಳುದ್ದ. ಗಂಡಸರಲ್ಲಿ ಅದು ಕ್ರಿಕೆಟ್ ಆಡುವವರಿಗೆ ಮಾತ್ರ ಎಂಬ ಅಭಿಪ್ರಾಯ ಇನ್ನೂ ಉಳಿದಿದೆ.

ಮನೆಮದ್ದಿಗೆ ಮರಳುವುದೂ ಒಂದು ಬದಲಾವಣೆಯೇ. ಕಡಲೆಹಿಟ್ಟಿನಿಂದ ಸಾಮಾನ್ಯವಾಗಿ ಹಾನಿಯಿಲ್ಲ. ನಿಂಬೆಹಣ್ಣು ಮಾತ್ರ ಅಡುಗೆಮನೆಯಿಂದ ಬಂದದ್ದೆಂಬ ಕಾರಣಕ್ಕೆ ಸಾಧು ಅಲ್ಲ. ಅದರ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು.

ತಮಾಷೆಗೆ ಜಾಗವಿಲ್ಲದ ಸಂಗತಿಯೂ ಒಂದಿದೆ. ಮೆಡಿಕಲ್ ಶಾಪಿನ ಕೌಂಟರಿನಲ್ಲಿ 'ಬಂಗಿಗೆ ಏನಾದರೂ ಕೊಡಿ' ಎಂದರೆ ಕೈಗೆ ಬರುವ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುವುದು ಅಪರೂಪವಲ್ಲ. ಮೊದಲ ವಾರಗಳಲ್ಲಿ ಮುಖ ಬೆಳಗುತ್ತದೆ, ಓರಗಿತ್ತಿ ಹೆಸರು ಕೇಳಿಕೊಂಡು ತಾನೂ ತರಿಸುತ್ತಾಳೆ. ತಿಂಗಳುಗಳ ಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ಎದ್ದು, ನಿಲ್ಲಿಸಿದರೆ ಉರಿ ತಡೆಯಲಾಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳದ ಅಂಗಡಿಗಳು ಈಗಲೂ ಇರುವುದರಿಂದ, ಚೀಟಿ ಕೇಳುವ ಕೆಲಸ ಕೊಳ್ಳುವವರದೇ.

ಉಳಿಯುವುದು ಹಳೆಯದರ ವಿಲೇವಾರಿ. ಅವಧಿ ಮುಗಿದದ್ದನ್ನು ಎಸೆಯಬೇಕು. ಅವಧಿ ಮುಗಿಯದೆ ಮುಖಕ್ಕೆ ಒಗ್ಗದ ಕ್ರೀಮಿಗೆ ಮನೆಗಳಲ್ಲಿ ಹಿಂಬಡ್ತಿ ಕೊಡುವ ಪದ್ಧತಿಯಿದೆ: ಮುಖದಿಂದ ಮೊಣಕೈಗೆ, ಮೊಣಕೈಯಿಂದ ಒಡೆದ ಹಿಮ್ಮಡಿಗೆ. ಅಲ್ಲಿಯೂ ಮುಗಿಯದಿದ್ದರೆ 'ಶೇವಿಂಗ್ ಆದ್ಮೇಲೆ ಹಚ್ಕೊಳ್ರೀ' ಎಂದು ಯಜಮಾನರಿಗೆ ಕೊಡಲಾಗುತ್ತದೆ. ಅವರು ಏನಿದು ಎಂದು ಕೇಳುವುದಿಲ್ಲ. ಆಮ್ಲವಿರುವ ಸೀರಮ್ಮನ್ನು ಮಾತ್ರ ಹೀಗೆ ದಾಟಿಸಬಾರದು. ಆಗಷ್ಟೇ ರೇಜರ್ ಆಡಿದ ಕೆನ್ನೆಗೆ ಅದು ತಾಗಿದರೆ ಅವರೂ ಕೇಳುತ್ತಾರೆ.