ಅರ್ಧದಿನ ಮೀಮಾಂಸೆ: ವೆಸುವಿಯಸ್ ಬೆಟ್ಟವನ್ನು ಊಟದ ಹೊತ್ತಿನೊಳಗೆ ನೋಡಿ ಮುಗಿಸುವ ಶಾಸ್ತ್ರ

ತರ್ಕಶಾಸ್ತ್ರ ಕಲಿಯಲು ಕುಳಿತ ವಿದ್ಯಾರ್ಥಿಗೆ ಗುರುಗಳು ಮೊದಲು ತೋರಿಸುವುದು ಒಂದು ಬೆಟ್ಟವನ್ನು. ಬೆಟ್ಟದ ಮೇಲೆ ಹೊಗೆ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ. ನೈಯಾಯಿಕರು ಶತಮಾನಗಳಿಂದ ಈ ಒಂದು ಬೆಟ್ಟವನ್ನು ಅರೆದು ಕುಡಿದಿದ್ದಾರೆ. ಹೊಗೆಯ ಲಕ್ಷಣವೇನು, ಅಡುಗೆಮನೆಯೇ ಯಾಕೆ, ಕೆರೆ ಯಾಕಲ್ಲ ಎಂದು ಟೀಕೆಗೆ ಟಿಪ್ಪಣಿ, ಟಿಪ್ಪಣಿಗೆ ಇನ್ನೊಂದು ಟೀಕೆ ಬೆಳೆದಿದೆ. ‘ಇಷ್ಟೆಲ್ಲ ಯಾಕೆ, ಹತ್ತಿ ನೋಡಿಕೊಂಡು ಬರೋಣ’ ಎಂಬ ಸಲಹೆ ಮಾತ್ರ ಆ ರಾಶಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಶಾಸ್ತ್ರದ ಈ ಕೊರತೆಯನ್ನು ಇಟಲಿಯ ನೇಪಲ್ಸ್ ನಗರದಿಂದ ದಿನವೂ ಹೊರಡುವ ಪ್ರವಾಸಿ ಬಸ್ಸುಗಳು ತುಂಬಿಕೊಟ್ಟಿವೆ. ಗೈಡಿನ ಸಮೇತ, ಅರ್ಧ ದಿನದಲ್ಲಿ, ವೆಸುವಿಯಸ್ ಜ್ವಾಲಾಮುಖಿಯನ್ನು ತೋರಿಸಿ ತಂದು ಬಿಡುವ ಈ ಏರ್ಪಾಡನ್ನು ಪಂಡಿತರು ಹಗುರವಾಗಿ ಕಾಣುವುದುಂಟು. ಪ್ರಸ್ತುತ ಪ್ರಬಂಧದ ಪ್ರಮೇಯ ಅದಕ್ಕೆ ವಿರುದ್ಧವಾದದ್ದು: ಅರ್ಧ ದಿನವೆಂಬುದು ಪ್ರವಾಸಿಯ ಸೋಮಾರಿತನವಲ್ಲ, ಜ್ವಾಲಾಮುಖಿಗೆ ಸಲ್ಲುವ ಸರಿಯಾದ ಅಳತೆಯೇ ಅದು. ಅದಕ್ಕಿಂತ ಹೆಚ್ಚು ನಿಂತವರು ಸತ್ತಿದ್ದಾರೆ, ಇಲ್ಲವೇ ವಿದ್ವಾಂಸರಾಗಿದ್ದಾರೆ. ಎರಡೂ ತಪ್ಪಿಸಬಹುದಾಗಿದ್ದ ಅನಾಹುತಗಳು.

ಲಕ್ಷಣ ಹೇಳದೆ ವಾದಕ್ಕೆ ಇಳಿಯುವುದು ಶಿಷ್ಟಾಚಾರವಲ್ಲ. ದಿನವೊಂದಕ್ಕೆ 60 ಗಳಿಗೆ. ಅರ್ಧ ದಿನಕ್ಕೆ 30 ಇರಬೇಕು. ಆದರೆ ಪ್ರವಾಸದ ಅರ್ಧ ದಿನ ಹೆಚ್ಚುಕಡಿಮೆ ಐದು ಗಂಟೆ, ಎಂದರೆ ಹನ್ನೆರಡೂವರೆ ಗಳಿಗೆ. ಉಳಿದ ಹದಿನೇಳೂವರೆ ಗಳಿಗೆ ಎಲ್ಲಿ ಹೋಯಿತು ಎಂದು ಕೇಳುವವರು ಯಾವ ಕಚೇರಿಯಲ್ಲೂ ಅರ್ಧ ದಿನ ಕೆಲಸ ಮಾಡಿದವರನ್ನು ಕಂಡಿಲ್ಲವೆಂದೇ ತಿಳಿಯಬೇಕು. ಈ ಹನ್ನೆರಡೂವರೆಯಲ್ಲೂ ಬಸ್ಸಿನಲ್ಲಿ ಕೂತದ್ದು, ಬಾರದವರಿಗಾಗಿ ಕಾದದ್ದು, ಶೌಚಾಲಯದ ಮುಂದೆ ಸಾಲು ನಿಂತದ್ದು ಕಳೆದರೆ ಬೆಟ್ಟಕ್ಕೆ ಉಳಿಯುವುದು ಒಂದೂವರೆ ಗಂಟೆ, ಅಂದರೆ ಅರ್ಧ ಜಾವ. ಇನ್ನು ಹತ್ತುವ ಲೆಕ್ಕ. ವೆಸುವಿಯಸ್‌ನ ಎತ್ತರ 1281 ಮೀಟರು. ಸುಮಾರು 1000 ಮೀಟರಿನವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ಜಲ್ಲಿಯ ಕಾಲುದಾರಿ ಕುಳಿಯ ಅಂಚಿಗೆ, ಸುಮಾರು 1170 ಮೀಟರಿಗೆ ಮುಟ್ಟಿಸುತ್ತದೆ, ತುತ್ತತುದಿಗೆ ದಾರಿಯಿಲ್ಲ. ಹೀಗಾಗಿ ಬೆಟ್ಟದ ನೂರು ಪಾಲಿನಲ್ಲಿ 78 ಪಾಲನ್ನು ಬಸ್ಸು ಹತ್ತುತ್ತದೆ, 13 ಪಾಲನ್ನು ಪ್ರವಾಸಿ ಹತ್ತುತ್ತಾನೆ, ಉಳಿದ 9 ಪಾಲು ಯಾರಿಗೂ ಸೇರದ ಗೋಮಾಳ. ‘ವೆಸುವಿಯಸ್ ಹತ್ತಿಬಂದೆ’ ಎಂಬ ವಾಕ್ಯದಲ್ಲಿ ಕರ್ತೃಪದ ಬಸ್ಸು ಎಂದು ವೈಯಾಕರಣರು ಗಮನಿಸಬೇಕು. ಪ್ರವಾಸಿಯ ಪಾಲಿಗೆ ಬಂದ 13 ಪಾಲು ವ್ಯರ್ಥವೇನಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಸಿದ್ಧಾಂತ ಬೂಟಿನೊಳಗೆ ಸೇರಿದ ಜಲ್ಲಿಯ ಮೂಲಕ ಪ್ರಯೋಗಸಿದ್ಧವಾಗುವುದು ಅಲ್ಲಿಯೇ.

ಈಗ ಇತಿಹಾಸದ ಪ್ರಮಾಣಗಳು. ಕ್ರಿ.ಪೂ. 73ರಲ್ಲಿ ಕಪುವಾದ ಗ್ಲ್ಯಾಡಿಯೇಟರ್ ಶಾಲೆಯಿಂದ ತಪ್ಪಿಸಿಕೊಂಡ ಸ್ಪಾರ್ಟಕಸ್ ತನ್ನ ಸಂಗಡಿಗರೊಡನೆ ಇದೇ ಬೆಟ್ಟದ ಮೇಲೆ ಬಿಡಾರ ಹೂಡಿದ. ರೋಮಿನ ಸೈನ್ಯ ಇದ್ದೊಂದು ದಾರಿಯನ್ನು ಕಟ್ಟಿಹಾಕಿದಾಗ ಕಾಡುದ್ರಾಕ್ಷಿಯ ಬಳ್ಳಿ ಹೆಣೆದು ಏಣಿ ಮಾಡಿಕೊಂಡು ಕಡಿದಾದ ಮಗ್ಗುಲಿನಿಂದ ಇಳಿದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಬೆಟ್ಟದಲ್ಲಿ ಉಳಿದುಕೊಂಡವನಿಗೆ ವಾಪಸಾತಿಯ ವ್ಯವಸ್ಥೆಯನ್ನು ತಾನೇ ಹೆಣೆದುಕೊಳ್ಳುವ ಗತಿ ಬರುತ್ತದೆ ಎಂಬುದಕ್ಕೆ ಇದು ಮೊದಲ ಉದಾಹರಣೆ. ಎರಡನೆಯದು ಇನ್ನೂ ಬಲವಾದದ್ದು. ಕ್ರಿ.ಶ. 79ರಲ್ಲಿ ಪಾಂಪೇಯನ್ನು ಹೂತುಹಾಕಿದ ಸ್ಫೋಟದ ತಾರೀಖಿನ ಬಗ್ಗೆಯೇ ಇಂದಿಗೂ ತಗಾದೆಯಿದೆ. ಹಳೆಯ ಪುಸ್ತಕಗಳು ಆಗಸ್ಟ್ 24 ಎನ್ನುತ್ತವೆ. 2018ರಲ್ಲಿ ಪಾಂಪೇಯ ಮನೆಯೊಂದರ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಅಕ್ಟೋಬರ್ 17ಕ್ಕೆ ಸಮನಾದ ತಾರೀಖು ಸಿಕ್ಕಿದ ಮೇಲೆ ಅದು ಶರದೃತುವಿಗೆ ಜಾರಿದೆ. ಆದರೆ ಹೊತ್ತಿನ ಬಗ್ಗೆ ತಕರಾರು ಕಡಿಮೆ. ಮಿಸೇನಮ್‌ನಲ್ಲಿದ್ದ ಕಿರಿಯ ಪ್ಲಿನಿ ವಿಚಿತ್ರ ಮೋಡ ಕಾಣಿಸಿಕೊಂಡದ್ದು ಹಗಲಿನ ಏಳನೆಯ ಗಂಟೆಯ ಸುಮಾರಿಗೆ, ಎಂದರೆ ಮಧ್ಯಾಹ್ನದ ಊಟವಾದ ಮೇಲೆ ಎಂದು ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದಿದ್ದಾನೆ. ದಿನ ಯಾವುದೆಂದು ಮರೆತ ಇತಿಹಾಸ ಅರ್ಧ ದಿನ ಯಾವುದೆಂದು ಮರೆತಿಲ್ಲ. ಎರಡರಲ್ಲಿ ಮುಖ್ಯವಾದದ್ದು ಯಾವುದೆಂದು ಬೇರೆ ಹೇಳಬೇಕೆ?

ಅದೇ ಪತ್ರದಲ್ಲಿ ನಮ್ಮ ಪ್ರಮೇಯಕ್ಕೆ ಬೇಕಾದ ಎರಡೂ ಪಾತ್ರಗಳಿವೆ. ಹಿರಿಯ ಪ್ಲಿನಿ ನೌಕಾಪಡೆಯ ಅಧಿಪತಿ, ಜೊತೆಗೆ ಪ್ರಕೃತಿಯ ಬಗ್ಗೆ 37 ಸಂಪುಟ ಬರೆದ ಪಂಡಿತ. ಸ್ನಾನ, ಊಟ ಮುಗಿಸಿ ಓದುತ್ತಿದ್ದವನು ಮೋಡ ಕಂಡೊಡನೆ ಹತ್ತಿರದಿಂದ ನೋಡಿಬರಲು ಸಣ್ಣ ದೋಣಿಯೊಂದನ್ನು ತರಿಸಿದ. ಅಲ್ಲಿಗೆ ಅದು ಎಲ್ಲ ಲಕ್ಷಣಗಳಿಂದ ಕೂಡಿದ ಅರ್ಧದಿನದ ಪ್ರವಾಸವೇ. ಅಷ್ಟರಲ್ಲಿ ಬೆಟ್ಟದ ಬುಡದವರು ಕಾಪಾಡೆಂದು ಮೊರೆಯಿಟ್ಟ ಪತ್ರ ಬಂತು. ದೊಡ್ಡ ಹಡಗುಗಳನ್ನೇ ತೆಗೆದುಕೊಂಡು ಹೊರಟ. ಸ್ಟಾಬಿಯೇಯಲ್ಲಿ ಇಳಿದ, ಮಿಂದ, ಉಂಡ, ಗೊರಕೆ ಹೊಡೆದು ಮಲಗಿದ. ಮರುದಿನ ಕಲ್ಲಿನ ಮಳೆಯಲ್ಲಿ ತಲೆಗೆ ದಿಂಬು ಕಟ್ಟಿಕೊಂಡು ಎಲ್ಲರೂ ಸಮುದ್ರದ ಕಡೆ ಹೊರಟಾಗ ದಡದಲ್ಲಿ ಕುಸಿದು ಸತ್ತ. ಕಾರಣ ವಿಷಗಾಳಿಯೋ ಹೃದಯವೋ ಎಂದು ವೈದ್ಯರು ಚರ್ಚಿಸುತ್ತಾರೆ. ನಮ್ಮ ಶಾಸ್ತ್ರದ ಪ್ರಕಾರ ಕಾರಣ ರಾತ್ರಿ ತಂಗಿದ್ದು. ಜೊತೆಗೆ ಬರುವೆಯಾ ಎಂದು ಅವನು ಕರೆದಾಗ ಹದಿನೇಳರ ಹರೆಯದ ಸೋದರಳಿಯ ಕಿರಿಯ ಪ್ಲಿನಿ, ಮಾವನೇ ಕೊಟ್ಟಿದ್ದ ಬರವಣಿಗೆ ಬಾಕಿಯಿದೆ ಎಂದು ಮನೆಯಲ್ಲೇ ಉಳಿದಿದ್ದ. ಹೋದವನು ದೃಷ್ಟಾಂತವಾದ, ಹೋಗದವನು ಆಕರವಾದ. ಮನೆಪಾಠದಿಂದ ಜೀವ ಉಳಿದ ಪ್ರಸಂಗಗಳು ಪ್ರಪಂಚದ ಇತಿಹಾಸದಲ್ಲಿ ಬೇರೆ ಹೆಚ್ಚು ಇರಲಾರವು.

ಮುಂದಿನ ಶತಮಾನಗಳಲ್ಲಿ ಜನ ಪಾಠ ಕಲಿತಂತೆ ಕಾಣುತ್ತದೆ. 1764ರಿಂದ 1800ರವರೆಗೆ ನೇಪಲ್ಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ ವೆಸುವಿಯಸ್ಸನ್ನು 60ಕ್ಕೂ ಹೆಚ್ಚು ಸಲ ಹತ್ತಿದನೆಂದು ಪಂಡಿತರು ಬೆರಗಾಗುತ್ತಾರೆ. ಸಲಕ್ಕೆ ಅರ್ಧ ದಿನ ಹಿಡಿದರೆ ಒಟ್ಟು 30 ದಿನ. 36 ವರ್ಷದಲ್ಲಿ ಒಂದೇ ತಿಂಗಳು. ಆತ ಮಾಡಿದ್ದು ಅರ್ಧದಿನದ ಪ್ರವಾಸವನ್ನೇ, ಕಂತಿನಲ್ಲಿ. 1787ರಲ್ಲಿ ಗಯಟೆ ಹತ್ತಿದ್ದು ಗೈಡಿನ ಸೊಂಟಕ್ಕೆ ಬಿಗಿದ ತೊಗಲಿನ ಪಟ್ಟಿ ಹಿಡಿದುಕೊಂಡು. ಎಳೆಯುವವನು ಮುಂದೆ, ಮಹಾಕವಿ ಹಿಂದೆ. 1880ರಲ್ಲಿ ಹಗ್ಗದ ರೈಲು ಬಂತು. ಅದರ ಎರಡು ಡಬ್ಬಿಗಳಲ್ಲಿ ಒಂದರ ಹೆಸರು ವೆಸುವಿಯಸ್, ಇನ್ನೊಂದರದು ಎಟ್ನಾ. ಎಟ್ನಾದಲ್ಲಿ ಕೂತು ವೆಸುವಿಯಸ್ ಹತ್ತಿದವರಿಗೆ ಒಂದೇ ಟಿಕೆಟ್ಟಿನಲ್ಲಿ ಎರಡು ಜ್ವಾಲಾಮುಖಿಯ ಪುಣ್ಯ ಬಂತೇ ಎಂಬ ಸೂಕ್ಷ್ಮ ಪ್ರಶ್ನೆಯನ್ನು ಯಾರೂ ಎತ್ತಿದಂತಿಲ್ಲ. ರೈಲಿನ ಮೇಲೆ ಕಟ್ಟಿದ ಹಾಡು ಅದೇ ವರ್ಷ ಜನಪ್ರಿಯವಾಯಿತು. ಆ ದಶಕ ಮುಗಿಯುವುದರೊಳಗೆ ರೈಲು ಥಾಮಸ್ ಕುಕ್ ಕಂಪನಿಯ ಕೈ ಸೇರಿತು. 1906ರ ಸ್ಫೋಟ ಅದನ್ನು ಕೆಡಿಸಿತು, ಮತ್ತೆ ಕಟ್ಟಿದರು. 1944ರ ಮಾರ್ಚಿನ ಸ್ಫೋಟ ಪೂರ್ತಿ ಮುಗಿಸಿತು. ಅದೇ ಸ್ಫೋಟದಲ್ಲಿ ಬೆಟ್ಟದ ಬುಡದ ಮೈದಾನದಲ್ಲಿ ನಿಲ್ಲಿಸಿದ್ದ ಅಮೆರಿಕದ ಬಾಂಬರ್ ವಿಮಾನಗಳು ಡಜನ್ನುಗಟ್ಟಲೆ ಹಾಳಾದವು. ಅವೂ ಅಲ್ಲಿ ರಾತ್ರಿ ತಂಗಿದ್ದವು.

ಇನ್ನು ಪೂರ್ವಪಕ್ಷ. ಮೊದಲ ಆಕ್ಷೇಪ ಪ್ರತ್ಯಕ್ಷವಾದಿಗಳದು: ಹಣ ಕೊಟ್ಟು ಹೋದ ಪ್ರವಾಸಿ ಬೆಂಕಿಯನ್ನು ಎಲ್ಲಿ ನೋಡಿದ? ಸುಮಾರು 300 ಮೀಟರು ಆಳದ, ಅರ್ಧ ಕಿಲೋಮೀಟರಿನ ಆಸುಪಾಸು ಅಗಲದ ಕಲ್ಲಿನ ಹೊಂಡವನ್ನು, ಅದರ ಗೋಡೆಯಲ್ಲಿ ಅಲ್ಲಲ್ಲಿ ಏಳುವ ನಾಲ್ಕು ಬಿಳಿ ಎಳೆಗಳನ್ನು ನೋಡಿದ, ಅಷ್ಟೆ. ಆ ಎಳೆಗಳೂ ಹೊಗೆಯಲ್ಲ, ಬಹುಪಾಲು ನೀರಾವಿ. ಆವಿಯನ್ನು ಹೊಗೆಯೆಂದು ಭ್ರಮಿಸಿದರೆ ಅನುಮಾನವೇ ಕೆಡುತ್ತದೆಂದು ನ್ಯಾಯಶಾಸ್ತ್ರ ಮೊದಲೇ ಎಚ್ಚರಿಸಿದೆಯಲ್ಲ? ಎಚ್ಚರಿಸಿದೆ, ಒಪ್ಪೋಣ. ಪ್ರತ್ಯಕ್ಷ ಬಿತ್ತು, ಅನುಮಾನವೂ ಬಿತ್ತು. ಉಪಮಾನಕ್ಕೆ ಅಡುಗೆಮನೆಯ ಇಡ್ಲಿ ಪಾತ್ರೆಯೊಂದೇ ಆಸರೆ. ಹೋಲಿಕೆ ಚೆನ್ನಾಗಿದ್ದರೂ ಬೆಟ್ಟದ ಗೌರವಕ್ಕೆ ಕುಂದು. ಉಳಿದದ್ದು ಶಬ್ದ, ಎಂದರೆ ಆಪ್ತನ ಮಾತು. ಗೈಡಿನ ಅಗತ್ಯ ಸಿದ್ಧವಾಗುವುದು ಇಲ್ಲಿಯೇ. ಅವನು ಕುಳಿಯ ಅಂಚಿನಲ್ಲಿ ನಿಂತು ಕೆಳಗೆ ಬೆಂಕಿಯಿದೆ ಎನ್ನುತ್ತಾನೆ. ಬಸ್ಸು ಹೊರಡುವ ಹೊತ್ತಿನ ಬಗ್ಗೆ ಅವನ ಮಾತು ಎಂದೂ ಸುಳ್ಳಾಗದ ಕಾರಣ ಬೆಂಕಿಯ ಬಗ್ಗೆಯೂ ಅದನ್ನು ನಂಬಲಡ್ಡಿಯಿಲ್ಲ. ಒಬ್ಬ ಮನುಷ್ಯನ ಮಾತಿನ ಮೇಲೆ ಕಾಣದ ಬೆಂಕಿಯನ್ನು ನಂಬಿಕೊಂಡು ಜನ ಎಷ್ಟು ಹೊತ್ತು ನಿಂತಾರು? ಅರ್ಧ ಜಾವ. ಅದಕ್ಕಿಂತ ಹೆಚ್ಚು ನಿಲ್ಲಿಸಿದರೆ ಪ್ರಶ್ನೆ ಕೇಳತೊಡಗುತ್ತಾರೆ. ಬೂದಿ ಮುಚ್ಚಿದ ಕೆಂಡ ಎಂದು ನಮ್ಮ ಅಜ್ಜಿಯಂದಿರು ಬೆಟ್ಟವನ್ನೇ ನೋಡದೆ ಸುಪ್ತ ಜ್ವಾಲಾಮುಖಿಯ ಲಕ್ಷಣ ಹೇಳಿದ್ದಾರೆ. ಆ ಕೆಂಡವನ್ನು ಪರೀಕ್ಷಿಸಲು ಬೂದಿ ಕೆದಕಿ ಎಂದು ಮಾತ್ರ ಯಾರೂ ಹೇಳಿಲ್ಲ.

ಎರಡನೆಯ ಆಕ್ಷೇಪ ಭೂವಿಜ್ಞಾನಿಗಳದು. ಸಾವಿರಾರು ವರ್ಷ ಬಾಳಿದ ಬೆಟ್ಟವನ್ನು ಅರ್ಧ ದಿನದಲ್ಲಿ ಅರಿಯುವುದು ಉಡಾಫೆ ಎನ್ನುತ್ತಾರೆ. ಬೆಟ್ಟಕ್ಕೆ 25,000 ವರ್ಷ ಎಂದಿಟ್ಟುಕೊಳ್ಳೋಣ. ಹೆಚ್ಚಾದರೆ ನಮ್ಮ ವಾದಕ್ಕೇ ಅನುಕೂಲ. ಆ ಆಯುಸ್ಸನ್ನು ಒಂದು ದಿನಕ್ಕೆ ಇಳಿಸಿದರೆ, ಹುಟ್ಟಿದಂದಿನಿಂದ ಸಾಯುವವರೆಗೆ ರೆಪ್ಪೆ ಮುಚ್ಚದೆ 75 ವರ್ಷ ಬೆಟ್ಟವನ್ನೇ ನೋಡಿದ ವಿಜ್ಞಾನಿಗೆ ದಕ್ಕುವುದು ನಾಲ್ಕು ನಿಮಿಷ ಹತ್ತೊಂಬತ್ತು ಸೆಕೆಂಡು. ಪ್ರವಾಸಿಯನ್ನು ಆತುರಗಾರನೆನ್ನುವ ಹಕ್ಕು ಇಷ್ಟು ಹೊತ್ತು ನಿಂತವರಿಗೆ ಬರಲಾರದು. ವಿಜ್ಞಾನಿಗಳ ನಡವಳಿಕೆಯೂ ನಮ್ಮ ಪರವಾಗಿಯೇ ಇದೆ. 1841ರಲ್ಲಿ ಬೆಟ್ಟದ ಮಗ್ಗುಲಿನಲ್ಲೇ ವೀಕ್ಷಣಾಲಯ ಸ್ಥಾಪಿಸಿದರು. ಜ್ವಾಲಾಮುಖಿಯ ಮೇಲೆ ಕಣ್ಣಿಡಲು ಜಗತ್ತಿನಲ್ಲಿ ಮೊದಲು ಕಟ್ಟಿದ್ದು ಅದೇ. ಈಗ ಹಳೆಯ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ, ನಿಗಾ ಕೊಠಡಿ ನೇಪಲ್ಸ್ ನಗರಕ್ಕೆ ಇಳಿದಿದೆ. ಇಳಿದು ಸೇರಿದ ಬಡಾವಣೆ ಕ್ಯಾಂಪಿ ಫ್ಲೆಗ್ರೇಯಿ ಎಂಬ ಇನ್ನೊಂದು ಜ್ವಾಲಾಮುಖಿಯ ವ್ಯಾಪ್ತಿಯಲ್ಲಿದೆ ಎಂಬುದು ಬೇರೆ ಮಾತು.

ಮೂರನೆಯದು ಸಣ್ಣದು. ಪೂರ್ತಿ ದಿನದ ಪ್ಯಾಕೇಜಿನಲ್ಲಿ ಬೆಳಗ್ಗೆ ಪಾಂಪೇ, ಮಧ್ಯಾಹ್ನ ವೆಸುವಿಯಸ್, ನಡುವೆ ಪಿಜ್ಜಾ ಇರುವುದುಂಟು. ಕಾರ್ಯವನ್ನು ಮೊದಲು ತೋರಿಸಿ ಕಾರಣವನ್ನು ಆಮೇಲೆ ತೋರಿಸುವುದು ಯಾವ ದರ್ಶನಕ್ಕೂ ಒಪ್ಪುವುದಿಲ್ಲ. ಅರ್ಧದಿನದವನಿಗೆ ಈ ದೋಷ ತಗಲುವುದಿಲ್ಲ. ಅವನು ಕಾರಣವೊಂದನ್ನೇ ನೋಡಿ, ಅದು ಏನು ಮಾಡಿತೆಂಬುದನ್ನು ನೋಡದೆ ನಿಶ್ಚಿಂತೆಯಿಂದ ಮರಳುತ್ತಾನೆ. ಸತ್ತ ಜ್ವಾಲಾಮುಖಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಆದ್ದರಿಂದ ಅವ್ಯಾಪ್ತಿ ದೋಷವಿದೆ ಎನ್ನುವವರು ಮಲ್ಪೆಗೆ ಹೋಗಬಹುದು. ಅಲ್ಲಿಂದ ದೋಣಿಯಲ್ಲಿ ಸಿಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷದ ಹಿಂದೆ ಹೆಪ್ಪುಗಟ್ಟಿದ ಲಾವಾ. ಜನ ಅವುಗಳಿಗೆ ಒರಗಿ ಫೋಟೋ ತೆಗೆಸಿಕೊಂಡು ಸಂಜೆಯೊಳಗೆ ದಡ ಸೇರುತ್ತಾರೆ. ಎಂಟು ಕೋಟಿ ವರ್ಷ ಆರಿದ ಮೇಲೂ ಬೇಕಾದದ್ದು ಅಷ್ಟೇ ಹೊತ್ತು.

ನಾಲ್ಕನೆಯ ಆಕ್ಷೇಪ ಭಾರವಾದದ್ದು. 1872ರ ಏಪ್ರಿಲ್‌ನಲ್ಲಿ ಲಾವಾ ನೋಡಲೆಂದು ರಾತ್ರಿ ವೆಸುವಿಯಸ್ ಹತ್ತಿದವರಲ್ಲಿ ಹಲವರು ಬೆಟ್ಟ ಬಿರಿದು ಸತ್ತರು. ಅವರು ಬೆಂಕಿ ನೋಡಲು ಹೋದವರು, ಸರಿಯಾದ ಅರ್ಧದಿನದ ಪ್ರವಾಸಿ ಬೆಂಕಿ ಕಾಣದಿರಲೆಂದೇ ಹೋಗುವವನು ಎಂದು ಹೇಗೋ ಜಾರಿಕೊಳ್ಳಬಹುದು. ಆದರೆ 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವಕಾರಿ ದ್ವೀಪ ಸಿಡಿದಾಗ ಗೈಡುಗಳೂ ಸೇರಿ ಅದರ ಮೇಲಿದ್ದ 47 ಜನ ಹಾಡುಹಗಲಿನಲ್ಲಿ, ಕೆಲವೇ ಗಂಟೆಗೆಂದು ಬಂದವರು. ಎಚ್ಚರಿಕೆಯ ಮಟ್ಟವನ್ನು ಮೂರು ವಾರ ಮೊದಲೇ ಏರಿಸಲಾಗಿತ್ತು, ಪ್ರವಾಸಗಳು ನಿಂತಿರಲಿಲ್ಲ. 22 ಜನ ಉಳಿಯಲಿಲ್ಲ. ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಆಕ್ಷೇಪ ಬಂದಾಗ ‘ಇದನ್ನು ಮುಂದೆ ವಿಚಾರಿಸಲಾಗುವುದು’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುವುದು ಹಿರಿಯರ ಸಂಪ್ರದಾಯ. ಪ್ರವಾಸದ ಉದ್ಯಮವೂ ಅದನ್ನೇ ಅನುಸರಿಸುತ್ತದೆ.

ಕೊನೆಯ ಆಕ್ಷೇಪ ಬೆಟ್ಟದ ಬುಡದಿಂದಲೇ ಬರುತ್ತದೆ. ಕೆಂಪು ವಲಯವೆಂದು ಸರ್ಕಾರ ಗುರುತಿಸಿದ 25 ಊರುಗಳಲ್ಲಿ 6.5 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಲ್ಲೇ ಹುಟ್ಟಿ, ಬೂದಿಮಣ್ಣಿನಲ್ಲಿ ದ್ರಾಕ್ಷಿಯನ್ನೂ ಟೊಮೇಟೊವನ್ನೂ ಬೆಳೆದು, ಮಕ್ಕಳ ಮದುವೆ ಮಾಡಿದ್ದಾರೆ. ಇವರ ವಾಸ ಅರ್ಧ ದಿನದ್ದೇ? ಮೇಲುನೋಟಕ್ಕೆ ಪ್ರಮೇಯ ಕುಸಿದಂತೆ ತೋರುತ್ತದೆ. ಆದರೆ ಸರ್ಕಾರದ ತೆರವು ಯೋಜನೆಯನ್ನು ಓದಿದರೆ ಸಮಾಧಾನವಾಗುತ್ತದೆ. ಬೆಟ್ಟ ಏಳುವ ಸೂಚನೆ ಖಚಿತವಾದರೆ ಅಷ್ಟೂ ಜನರನ್ನು 72 ಗಂಟೆಯೊಳಗೆ ಹೊರಗೆ ಸಾಗಿಸಬೇಕು: ಮೊದಲ 12 ಗಂಟೆ ಸಿದ್ಧತೆಗೆ, 48 ಗಂಟೆ ಜನ ಹೊರಡುವುದಕ್ಕೆ, ಕೊನೆಯ 12 ಗಂಟೆ ಹೆಚ್ಚುಕಡಿಮೆಗೆ. ಎರಡು ತುದಿಯಲ್ಲೂ ಅಚ್ಚುಕಟ್ಟಾಗಿ ಅರ್ಧ ದಿನ, ಅದೂ ಮೂವತ್ತು ಗಳಿಗೆಯ ಶುದ್ಧ ಅರ್ಧ ದಿನ. ಯಾವ ಊರಿನವರು ಇಟಲಿಯ ಯಾವ ಪ್ರಾಂತ್ಯಕ್ಕೆ ಹೋಗಬೇಕೆಂಬುದೂ ಆಗಲೇ ಗೊತ್ತುಮಾಡಿಟ್ಟಿದೆ. ಸ್ವಂತ ವಾಹನ ಇಲ್ಲದವರಿಗೆ ಬಸ್ಸು, ಆಮೇಲೆ ರೈಲು ಅಥವಾ ಹಡಗು. ಹೀಗೆ ಸರ್ಕಾರದ ಕಡತದಲ್ಲಿ ಅವರೂ ಗೈಡಿನ ಸಮೇತ ಬಂದು ಹೋಗುವ ಪ್ರವಾಸಿಗಳೇ. ಅವರ ಟಿಕೆಟ್ಟಿನಲ್ಲಿ ಹೊರಡುವ ತಾರೀಖನ್ನು ಮಾತ್ರ ಇನ್ನೂ ಬರೆದಿಲ್ಲ.