ಬಾಣಂತಿ ಕೋಣೆಯ ಹೈಕೋರ್ಟು

(ಕಿಟಕಿ ಬಂದ್. ಸಾಂಬ್ರಾಣಿ ಹೊಗೆ ದಟ್ಟ. ಮೂರು ಹೆತ್ತ ಸೋದರತ್ತೆ ಮಂಚದ ಪಕ್ಕ ಪೀಠಸ್ಥರು.)

ರೇಖಾ: ಅತ್ತೆ, ಒಂದು ಲೋಟ ನೀರು ಕೊಡಿ.

ಅತ್ತೆ: ನೀರಾ! ಹೊಟ್ಟೆ ಮುಂದೆ ಬರುತ್ತೆ ಕಣೇ.

ರೇಖಾ: ಬಾಯಾರಿ ಸಾಯ್ತಿದ್ದೀನಿ, ಹಾಲುಣಿಸೋದು ಹೇಗೆ?

ಅತ್ತೆ: ನಾವು ಉಣಿಸಲಿಲ್ವಾ?

ರೇಖಾ: ಮೊದಲನೆಯವನಿಗೆ ಎಮ್ಮೆ ಹಾಲು ಹಾಕಿದ್ರಿ ಅಂತ ಅಜ್ಜಿ ಹೇಳ್ತಿದ್ರು.

ಅತ್ತೆ: (ಕೆಮ್ಮಿ) ಅದಿರಲಿ. ಮಗೂಗೆ ಜೇನು ನೆಕ್ಕಿಸಿದ್ಯಾ?

ರೇಖಾ: ವರ್ಷ ತುಂಬೋವರೆಗೆ ಜೇನು ಬೇಡ, 6 ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಅಂದ್ರು ಆಶಾ ಕಾರ್ಯಕರ್ತೆ. ಲಸಿಕೆಗೆ 6, 10, 14ನೇ ವಾರ ಬರೋಕೆ ಹೇಳಿದ್ದಾರೆ.

ಅತ್ತೆ: ಅವಳೆಷ್ಟು ಹೆತ್ತಿದ್ದಾಳಂತೆ?

ರೇಖಾ: ಕೇಳಿಲ್ಲ. ಈ ಬೀದಿಯ ಬಸುರಿಯರನ್ನೆಲ್ಲ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅವರೇ.

(ಅನುಭವಿ ಎಂಬ ಪದವಿಗೆ ಮರುಪರೀಕ್ಷೆ ಇಲ್ಲ, ಅತ್ತೆ ಮುಂದುವರಿಯುತ್ತಾರೆ.)

ಅತ್ತೆ: ಹೊಕ್ಕುಳಿಗೆ ಹರಳೆಣ್ಣೆ?

ರೇಖಾ: ಏನೂ ಹಚ್ಚಲ್ಲ. ಒಣಗಿದ್ರೆ ತಾನೇ ಉದುರುತ್ತೆ.

ಅತ್ತೆ: ಕಣ್ಣಿಗೆ ಕಾಡಿಗೆ?

ರೇಖಾ: ಅಂಗಾಲಿಗೆ ಬೊಟ್ಟು ಇಟ್ಟಿದ್ದೀನಿ, ದೃಷ್ಟಿ ಅಲ್ಲೇ ಬೀಳಲಿ.

ಅತ್ತೆ: ಹಾಗಾದ್ರೆ ನಾನು ಬಂದಿದ್ದು ಯಾಕೆ?

(ಮಗು ಕಿರುಚುತ್ತದೆ. ಅತ್ತೆ ಕೈ ತೊಳೆದು, ಕತ್ತಿಗೆ ಅಂಗೈ ಆನಿಸಿ ಹೆಗಲಿಗೆ ಹಾಕಿಕೊಂಡು ಬೆನ್ನು ಸವರುತ್ತಾರೆ. ದೊಡ್ಡದೊಂದು ತೇಗು. ಮಗು ಗಪ್‌ಚುಪ್.)

ರೇಖಾ: ಇದಕ್ಕೇ ಅತ್ತೆ! ರಾತ್ರಿ ಎರಡಕ್ಕೂ ಹೀಗೇ ಎತ್ಕೊಳ್ಳಿ, ಒಂದು ನಿದ್ದೆ ತೆಗೀತೀನಿ.

ಅತ್ತೆ: ರಾತ್ರಿಯಾ? ಸೊಂಟ ನೋವು ಕಣೇ. ಸಂಜೆ ಬಸ್ಸಿಗೇ ಹೊರಟೆ.

(ಬಾಣಂತಿ ನೋಡಲು ಹೊರಟವರಲ್ಲಿ ವಿನಂತಿ: ಸಲಹೆ ಮನೆಯಲ್ಲೇ ಇಟ್ಟು ಒಂದು ಡಬ್ಬಿ ಮೆಣಸಿನ ಸಾರು ತನ್ನಿ. ಹೋಗುವಾಗ ಕಿಟಕಿ ತೆಗೆದು ಹೋಗಿ.)